ಎರಡು ಬೆರಳು ಜಾಗ

ಮೂರನೇ ಕ್ವಾರಿ ಇಳಿಜಾರಿನಾಗ
ಗಾಡಿ ಹಿಂದಿನ ಸೊಂಟ ಒಮ್ಮೆ ಎದ್ದು ಕುಂತ್ರ
ದಡ್ ಅಂತೈತಿ.
ಆ ಸಪ್ಪಳ ಮೊದಲು ನನ್ನ ಬೆನ್ನಿಗೆ ಕೇಳತೈತಿ,
ಆಮ್ಯಾಲ ಕಿವಿಗೆ,
ಕಡೀಕ ಕುಷ್ಟಗ್ಯಾಗ ನಿಂಬೆವ್ವನ ಖಾನಾವಳಿಗೆ:
"ಇವತ್ತೂ ಸಾರು ನಾಲ್ಕು ಬೆರಳು ಕಡಿಮಿ ಮುಟ್ಟೇತಂತಲ್ಲೋ ಮುದುಕಪ್ಪ?"

ಅರವತ್ತು ಮಂದಿ ಊಟ.
ರೊಟ್ಟಿ ಬುಟ್ಟಿ ಐದು, ಪುಂಡಿಪಲ್ಯದ ಡಬರಿ ಒಂದು,
ಸಾರಿನ ಕೊಳಗ ಎರಡು, ಬಾಯಿಗೆ ಟ್ರ್ಯಾಕ್ಟರ್ ಟ್ಯೂಬಿನ ಪಟ್ಟಿ.
ಎಷ್ಟು ಬಿಗಿದರೂ ಸಾರಿಗೆ ದಾರಿ ಗೊತ್ತು.
ಹಿಂದಿನ ಬಾಗಿಲ ಮ್ಯಾಲ ಅರಿಷಿಣದ ಗೆರಿ ಬಿದ್ದಾವು,
ತೊಳದ್ರ ಹೋಗೂದಿಲ್ಲ. ತೊಳ್ಯೂದು ಬಿಟ್ಟೀನಿ.

ತಾವರಗೇರಾ ರಸ್ತೆದಾಗ ರಾಜಾಬಕ್ಷಿ
ಬ್ಯಾಟ್ರಿ ಹಿಡಿದು ಗಾಡಿ ಕೆಳಗ ಸರಿದ.
ಹೊರಗ ಬಂದ ಕೈಯಾಗ
ಕರೀ ಪುಡಿ, ಹಳೇ ಬೆಲ್ಲದಂಗ.
"ಇದು ನಿನ್ನ ಬಂಪ್ ಸ್ಟಾಪು. ಅಂದ್ರ, ಇತ್ತು.
ಆಕ್ಸಲ್ಲು ಈಗ ನೇರ ಚಾಸಿಗೆ ತಲಿ ಗುದ್ದಾಕತ್ತೈತಿ,
ನಡುವ ಬಿಡಿಸಾವ್ರು ಯಾರೂ ಇಲ್ಲ."

ಬೆಂಚಿನ ಮ್ಯಾಲ ಮೂರು ಇಟ್ಟ.
ಕಂಪನಿದು: ಕರೀದು, ಗಿಡ್ಡಂದು.
ಹಳದಿದೊಂದು, ಎತ್ತರ, ಒತ್ತಿದ್ರ ಕಲ್ಲು.
ಇನ್ನೊಂದು ಬೂದಿ ಬಣ್ಣ, ಹುದುಗು ಬಂದ ಇಡ್ಲಿಯಂಗ
ಮೈತುಂಬ ಸಣ್ಣ ತೂತು. ಅದರ ರೇಟು ಕೇಳಿ
ನಾನು ಬೆಂಚಿನಿಂದ ಒಂದು ಹೆಜ್ಜಿ ಹಿಂದ ಸರದೆ.

"ಎತ್ತರದ್ದ ಹಾಕು ಸಾಬ, ಹೊಡ್ಯೂದ ಇಲ್ಲಲ್ಲ."
"ಹೊಡ್ಯೂದಿಲ್ಲ, ಕುಂತಬಿಡತೈತಿ.
ಲೋಡು ಬಿದ್ದ ಕೂಡಲೇ ಪಾಟಾಕ್ಕ ಕೆಲಸಿಲ್ಲ,
ಗಾಡಿ ಅದರ ಮ್ಯಾಲ ಸವಾರಿ.
ಇರುವಿ ದಾಟಿದ್ದೂ ನಿನ್ನ ಬೆನ್ನಿಗೆ ವರದಿ ಬರತೈತಿ."
"ಮತ್ತ ಗಿಡ್ಡಂದು?"
"ಕಡೀ ಗಳಿಗ್ಯಾಗ ಬ್ಯಾಡ ಅಂತೈತಿ.
ಅಷ್ಟರಾಗ ತಡ ಆಗಿರತೈತಿ.
ಮೊದಲ ಜಾಗ ಎಷ್ಟೈತಿ ನೋಡೂಣು. ನಾಳೆ ಹಿಟ್ಟು ತಗೊಂಬಾ."
"ಎಂಥಾ ಹಿಟ್ಟು?"
"ರೊಟ್ಟೀದು. ನಾದಿದ್ದು."

ನಿಂಬೆವ್ವ ಕೇಳಿ ನಗಲಿಲ್ಲ.
"ಸಡ್ಲ ಬೇಕೋ, ಗಟ್ಟಿ ಬೇಕೋ?" ಅಂದ್ಲು.
ಬಿಸಿನೀರಾಗ ನಾದಿ, ಸೀಳಬಾರದಂತ ಎಣ್ಣಿ ಸವರಿ
ಎರಡು ಉಂಡಿ ಕೊಟ್ಟಳು, ಮುಟಗಿ ಗಾತ್ರ.
ಬಲಕ್ಕೊಂದು, ಎಡಕ್ಕೊಂದು ಆಕ್ಸಲ್ ಮ್ಯಾಲ ಮೆತ್ತಿ
ಪೂರಾ ಊಟ ಹೊತ್ತು ಗುಡ್ಡಕ್ಕ ಹೊಂಟೆ.
ದಡ್. ದಡ್.
ಬರ್ತಾ ಖಾಲಿ ಪಾತ್ರಿ ಮಾತ್ರ ಮಾತಾಡಿದ್ವು.

ಬಲಗಡೀದು ಹಪ್ಪಳ.
ಹಿಡಿದ್ರ ಬೆರಳಿನ ನೆರಳು ಕಾಣತಿತ್ತು.
ಎಡಗಡೀದು ಎರಡು ಬೆರಳು ದಪ್ಪ, ಹಂಗ ಕುಂತಿತ್ತು.
ರಾಜಾಬಕ್ಷಿ ಎರಡನ್ನೂ ಅಂಗೈ ಮ್ಯಾಲ ಇಟ್ಟುಕೊಂಡು
ನಾಡಿ ನೋಡಾವ್ರಂಗ ಸುಮ್ಮನ ನಿಂತ.
"ಎರಡೂ ಕೊಳಗ ಒಂದ ಕಡೆ ಇಡತೀಯೇನು?"

ಇಡತಿದ್ದೆ. ಮೂರು ವರ್ಷದಿಂದ.
ಯಂಕೋಬ ಬಲಗಡಿಂದ ಇಳಸ್ಕೊಂತಾನ,
ಅವಂಗ ಎಡಗೈಯಾಗ ಎರಡ ಬೆರಳು.
ಸುತ್ತಿಗಿ ತಪ್ಪಿದ ದಿನದಿಂದ ಹಂಗ.

ನಾನು ಅದನ್ನ ಹೇಳಲಿಲ್ಲ. ಕೊಳಗ ಒಂದು ಎಡಕ್ಕ ಸರಸ್ತೀನಿ,
ಹತ್ತಿ ನಾನ ಇಳಸಿ ಕೊಡತೀನಿ ಅಂದೆ.

"ಹಂಗಾರ ಬೂದಿದು ಹಾಕು.
ಇರೂದು ಎರಡು ಬೆರಳು ಜಾಗ, ಅದರಾಗ ಎಲ್ಲಾ ಮುಗೀಬೇಕು.
ನಿಂಬೆವ್ವ ಉದ್ರಿ ನಿಲ್ಲಸ್ತಾಳಲ್ಲ, ಹಂಗ:
ಮೊದಲ ನಗತಾಳ,
ಆಮ್ಯಾಲ ನಿಮ್ಮ ತಾಯಿ ಆರಾಮ ಅದಾಳೇನು ಅಂತ ಕೇಳತಾಳ,
ಆಮ್ಯಾಲ ತಾಟು ಎತ್ತತಾಳ."
ಅರ್ಧ ರೊಕ್ಕ ಕೊಟ್ಟೆ, ಅರ್ಧ ಉದ್ರಿ.
ಅವನೂ ಮೊದಲ ನಕ್ಕ.

ಮರುದಿನ ಅದ ಇಳಿಜಾರು.
ಸೊಂಟ ಎದ್ದಿತು, ಕುಂತಿತು,
ಹುಂ ಅಂದಂಗಾತು, ಅಷ್ಟ.
ಕೊಳಗದ ಅಂಚಿನಾಗ ಸಾರು ಬಂದು, ನೋಡಿ, ಒಳಗ ಹೋತು.

ಗುಂಡಿ ದಂಡೀಗೆ ಗಾಡಿ ನಿಲ್ಲಿಸಿ ಕುಂತೆ.
ಯಾರೂ ಬರಲಿಲ್ಲ.
ಕೆಂಪು ಕಲ್ಲಿನ ಮ್ಯಾಲ ಡ್ರಿಲ್ಲು ಕೊರೀತಾನ ಇತ್ತು,
ಒಂದೂವರಿ ಆತು.
ಕಡೀಕ ಯಂಕೋಬ ಧೂಳಾಗಿಂದ ತಲಿ ಎತ್ತಿ
ಹಲ್ಲಷ್ಟ ಬೆಳ್ಳಗ ಕಾಣೂಹಂಗ ಬಯ್ದ:
"ಯಾವಾಗ ಬಂದ್ಯೋ ಹುಚ್ಚ?
ಊಟದ ಗಂಟಿ ಯಾಕ ಹೊಡೀಲಿಲ್ಲ?"